ಕೊನೆ ಭಾಗದ ಪ್ಲಗ್ಗು

ಹರಿಹರದಲ್ಲಿ ನನ್ನ ಸೋದರತ್ತೆಯ ಮನೆ ಹೊಳೆಗೆ ಹತ್ತಿರ, ಹಳೆಯ ಕೇರಿಯಲ್ಲಿದೆ. ಕರೆಂಟಿನ ಕಾರು ಕೊಂಡ ಮೇಲೆ ಅಲ್ಲಿಗೆ ಮೊದಲ ಸಲ ಹೋದದ್ದು ಒಂದು ಏಪ್ರಿಲ್‌ನಲ್ಲಿ. ನೀರಿನ ಮೋಟರಿಗೆಂದು ಜಗುಲಿಯಲ್ಲಿ ಹಾಕಿಸಿದ್ದ 16 ಆಂಪಿಯರ್ ಪ್ಲಗ್ಗಿಗೆ ಸಂಜೆ ಕಾರಿನ ಚಾರ್ಜರ್ ಸಿಕ್ಕಿಸಿದೆ. ಹಸಿರು ದೀಪ ಬರಬೇಕಿತ್ತು, ಕೆಂಪು ಬಂತು. ಕಿತ್ತು ಮತ್ತೆ ಹಾಕಿದೆ, ಮತ್ತೆ ಕೆಂಪು. ಅತ್ತೆ ಬಾಗಿಲಲ್ಲಿ ನಿಂತು, ‘ಸಾಲ ಮಾಡಿ ತಗಂಡಿದ್ದು ಇದನ್ನೇನೋ?’ ಅಂದರು.

ಕೇರಿಯ ಎಲೆಕ್ಟ್ರಿಷಿಯನ್ ಬಂದ. ಮೀಟರಿನ ಒಂದು ಕಡ್ಡಿ ನ್ಯೂಟ್ರಲ್ಲಿಗೆ, ಇನ್ನೊಂದು ಅರ್ಥಿನ ತೂತಿಗೆ. ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕಾದ ಕಡೆ ಮೂವತ್ತರ ಮೇಲೆ ವೋಲ್ಟು. ‘ಅರ್ಥಿಂಗೇ ಇಲ್ರಿ ಈ ಮನಿಗೆ’ ಅಂದವನು ಟಾರ್ಚ್ ಹಿಡಿದು ಹಿತ್ತಿಲೆಲ್ಲ ಹುಡುಕಿದ. ತುಳಸಿಕಟ್ಟೆಯ ಹಿಂದೆ ತುಕ್ಕು ಹಿಡಿದ ಒಂದು ಪೈಪು ಸಿಕ್ಕಿತು. ಅದನ್ನು ಅತ್ತೆ ಇಷ್ಟು ವರ್ಷ ಹಳೆಯ ನಲ್ಲಿ ಎಂದುಕೊಂಡಿದ್ದರಂತೆ. ಮನೆ ಕಟ್ಟುವಾಗ ಉಪ್ಪು, ಇದ್ದಿಲು ತುಂಬಿ ಹೂತ ಅರ್ಥ್ ಗುಂಡಿ ಅದು, ಆಮೇಲೆ ಯಾರೂ ನೀರು ಹಾಕಿರಲಿಲ್ಲ. ವೈರಿನ ತುದಿ ಕೆರೆದು ಬೋಲ್ಟು ಬಿಗಿ ಮಾಡಿ, ಒಂದು ಹಿಡಿ ಕಲ್ಲುಪ್ಪು ಹಾಕಿ, ನಾಲ್ಕು ಕೊಡ ನೀರು ಸುರಿದೆವು. ಭೂಮಿ ಗುಟುಗುಟು ಕುಡಿಯಿತು. ಕಾಫಿ ಆಗುವಷ್ಟರಲ್ಲಿ ಮೀಟರು ನಾಲ್ಕು ವೋಲ್ಟಿಗೆ ಇಳಿದಿತ್ತು. ಹಸಿರು ದೀಪ ಹತ್ತಿತು.

ಫ್ರಿಜ್ಜು, ಟಿ.ವಿ., ಮಿಕ್ಸಿ ಎಲ್ಲ ಇಪ್ಪತ್ತು ವರ್ಷ ತಕರಾರಿಲ್ಲದೆ ನಡೆದಿದ್ದ ಮನೆ. ನೆಲ ಎಲ್ಲಿ ಎಂದು ಕೇಳಿದ್ದು ಕಾರೊಂದೇ. ಅದು ಕೇಳಿದ್ದೂ ಸರಿಯೇ. ಕಬ್ಬಿಣದ ಮೈಯ ಗಾಡಿ ರಬ್ಬರ್ ಗಾಲಿಯ ಮೇಲೆ ನಿಂತಿರುತ್ತದೆ, ಮಳೆಯಲ್ಲಿ ನೆನೆದ ಕೈ ಅದನ್ನು ಮುಟ್ಟುತ್ತದೆ. ಅದಕ್ಕೇ ಚಾರ್ಜರ್ ಮೊದಲು ಅರ್ಥಿಂಗ್ ನೋಡಿ, ಆಮೇಲೆ ಕರೆಂಟು ಬಿಡುತ್ತದೆ. ಅವತ್ತಿನಿಂದ ನನ್ನ ತಲೆಯಲ್ಲಿ ಚಾರ್ಜಿಂಗ್ ಅಂದರೆ ಹೆದ್ದಾರಿ ಹೋಟೆಲಿನ ಹೊಳೆಯುವ ಡಬ್ಬಿಯ ಚಿತ್ರ ಹೋಗಿ ತುಳಸಿಕಟ್ಟೆಯ ಹಿಂದಿನ ಆ ಪೈಪು ಬಂದು ಕೂತಿದೆ.

ಆ ಡಬ್ಬಿಯ ಕಥೆಯನ್ನೂ ಹೇಳಬೇಕು, ಯಾಕೆಂದರೆ ಹರಿಹರ ತಲುಪಿದ್ದು ಅದರ ಕೃಪೆಯಿಂದಲೇ. ಬೆಂಗಳೂರಿನಿಂದ ದಾವಣಗೆರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿ.ಮೀ. ನನ್ನದು 30 ಯೂನಿಟ್ ಬ್ಯಾಟರಿಯ ಹಳೆಯ ಗಾಡಿ, ಹೆದ್ದಾರಿಯ ವೇಗದಲ್ಲಿ 200 ಕಿ.ಮೀ. ಬಂದರೆ ಪುಣ್ಯ. ಹಿರಿಯೂರಲ್ಲೋ ಚಿತ್ರದುರ್ಗದಲ್ಲೋ ಒಂದು ಸಲ ನಿಲ್ಲಲೇಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ದಾವಣಗೆರೆ 600ರ ಆಸುಪಾಸು. ಹೋಗುವಾಗ ಒಟ್ಟು ಲೆಕ್ಕದಲ್ಲಿ ಇಳಿಜಾರು, ಅದರಿಂದ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಉಳಿಯುತ್ತದೆ. ಬರುವಾಗ ಅದನ್ನು ವಾಪಸ್ ಕಟ್ಟಬೇಕು. ಮಳೆಗಾಲದಲ್ಲಿ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಹತ್ತಿರ ಎದುರುಗಾಳಿ ಬೇರೆ. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ಕರೆಂಟು ತೆಗೆಯುತ್ತಿರುತ್ತವೆ, ಕೆಳಗೆ ರಸ್ತೆಯಲ್ಲಿ ಅದೇ ಗಾಳಿ ನನ್ನ ಬ್ಯಾಟರಿಯಿಂದ ಕರೆಂಟು ಕೀಳುತ್ತಿರುತ್ತದೆ. ಕೊಡುವುದೂ ಕಸಿಯುವುದೂ ಒಂದೇ ಗಾಳಿ.

ಅವತ್ತು ದಾವಣಗೆರೆ ಹತ್ತಿರವಾದಾಗ ಬ್ಯಾಟರಿ ಶೇ 14ಕ್ಕೆ ಇಳಿದಿತ್ತು. ಆಪ್‌ನಲ್ಲಿ ಹಸಿರು ಚುಕ್ಕೆ ಕಂಡ ಕಡೆ ಗಾಡಿ ತಿರುಗಿಸಿದೆ. ಚಾರ್ಜರ್ ಇತ್ತು, ಪರದೆ ಕಪ್ಪಾಗಿತ್ತು. ಅದರ ಎದುರಿಗೇ ಒಂದು ಡೀಸೆಲ್ ಗಾಡಿ, ಡ್ರೈವರ್ ಒಳಗೆ ನಿದ್ದೆ. ಸಹಾಯವಾಣಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ ಹಿಂದಿಯಲ್ಲಿ, ‘ನಮ್ಮಲ್ಲಿ ಆನ್‌ಲೈನ್ ಅಂತ ತೋರಿಸುತ್ತಿದೆ ಸರ್’ ಅಂದ. ಎಲ್ಲಿಂದಲೋ ಮಾತಾಡುತ್ತಿದ್ದವನಿಗೆ ನನ್ನ ಕಣ್ಣೆದುರಿನ ಕತ್ತಲೆಗಿಂತ ಅವನ ಪರದೆಯ ಬೆಳಕೇ ನಿಜ. ವಾಚ್‌ಮನ್ ಮಾತ್ರ ಸತ್ಯ ಹೇಳಿದರು: ‘ಮೊನ್ನೆ ಮಳಿ ಬಂತಲ್ರಿ, ಅವತ್ನಿಂದ ಮಲಗೇತಿ.’ ಆ ಕಂಪನಿಯ ಆಪ್‌ನಲ್ಲಿ ನನ್ನ ನೂರಿನ್ನೂರು ರೂಪಾಯಿ ಇವತ್ತಿಗೂ ಹಾಗೇ ಕೂತಿದೆ. ಇಂಥ ಐದಾರು ಆಪ್‌ಗಳಲ್ಲಿ ಚಿಲ್ಲರೆ ಹಂಚಿ ಇಟ್ಟವರು ಕರೆಂಟಿನ ಕಾರಿನವರು. ಎಲ್ಲಕ್ಕೂ ಒಂದೇ ಆಪ್ ತರುವ ಮಾತು ದೆಹಲಿಯಲ್ಲಿ ನಡೆದಿದೆ. ಬರಲಿ, ನೋಡೋಣ.

ಕಾರಿನ ವೇಗ ತಗ್ಗಿಸಿ, ಎ.ಸಿ. ಆರಿಸಿ, ಬೆವರುತ್ತಾ ಇನ್ನೊಂದು ಕಡೆ ಹೋಗಿ ಹರಿಹರ ಮುಟ್ಟುವಷ್ಟು ಮಾತ್ರ ತುಂಬಿಸಿಕೊಂಡೆ. ಅಲ್ಲಿ ಗನ್ ಕೈಗೆತ್ತಿಕೊಂಡಾಗ ಮೊದಲ ಸಲ ಸರಿಯಾಗಿ ನೋಡಿದೆ. ಈಗಿನ ಹೆಚ್ಚಿನ ಕಾರುಗಳಿಗೆ ಬರುವ ಸಿ.ಸಿ.ಎಸ್.-2 ಎಂಬ ಗನ್ನಿನ ಮೇಲರ್ಧ ದುಂಡಗೆ, ಅದು ಎ.ಸಿ. ಚಾರ್ಜಿಂಗಿನ ಆಕಾರ. ಕೆಳಗಿನ ಅರ್ಧದಲ್ಲಿ ಎರಡು ದಪ್ಪ ಪಿನ್ನು, ಡಿ.ಸಿ. ಹರಿಯುವುದು ಅಲ್ಲಿ. ಎರಡು ಜಾತಿಯ ವಿದ್ಯುತ್ತಿಗೆ ಕಾರಿನ ಮೈಯಲ್ಲಿ ಒಂದೇ ಬಾಯಿ. ಎಡಕ್ಕೆ ವಿಷ್ಣು, ಬಲಕ್ಕೆ ಶಿವ ಎಂದು ಒಂದೇ ಮೈಯಲ್ಲಿ ಇಬ್ಬರನ್ನು ನಿಲ್ಲಿಸಿದ ಊರಿಗೆ ಹೊರಟವನಿಗೆ ಇದು ಹೊಸದೆನಿಸಲಿಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಹರಿಹರೇಶ್ವರನ ಗುಡಿ ಕಟ್ಟಿಸಿದ್ದು 1224ರಲ್ಲಿ. ಸಿ.ಸಿ.ಎಸ್. ಮಾಡಿದ ಜರ್ಮನಿಯವರಿಗೆ ಎಂಟುನೂರು ವರ್ಷ ತಡವಾಯಿತು.

ಎ.ಸಿ., ಡಿ.ಸಿ. ಭೇದ ತಿಳಿದರೆ ಅರ್ಧ ಜಗಳ ಮುಗಿದಂತೆ. ಮನೆಗೆ ಬರುವುದು ಎ.ಸಿ., ಬ್ಯಾಟರಿ ಕುಡಿಯುವುದು ಡಿ.ಸಿ. ಮನೆಯ ಪ್ಲಗ್ಗಿನಲ್ಲಿ ಹಾಕಿದಾಗ ಕಾರಿನೊಳಗಿನ ಸಣ್ಣ ಯಂತ್ರವೇ ಅದನ್ನು ಬದಲಿಸಿಕೊಳ್ಳಬೇಕು, ಹಾಗಾಗಿ ನಿಧಾನ: ಗಂಟೆಗೆ ಮೂರು ಯೂನಿಟ್, ರಾತ್ರಿಯಿಡೀ ಬೇಕು. ಹೆದ್ದಾರಿಯ ಡಿ.ಸಿ. ಚಾರ್ಜರ್ ಆ ಬದಲಾವಣೆಯನ್ನು ತನ್ನ ಡೊಳ್ಳುಹೊಟ್ಟೆಯಲ್ಲೇ ಮಾಡಿ ನೇರ ಬ್ಯಾಟರಿಗೆ ಸುರಿಯುತ್ತದೆ. ಹಾಗೆಂದು 60 ಕಿಲೋವ್ಯಾಟಿನ ಚಾರ್ಜರ್ ಎದುರು ನಿಂತರೆ 60 ಬರುವುದಿಲ್ಲ, ಕಾರು ತನ್ನ ಹಸಿವಿದ್ದಷ್ಟೇ ತಿನ್ನುತ್ತದೆ. ಶೇ 80 ದಾಟಿದ ಮೇಲಂತೂ ಊಟದ ಕೊನೆಗೆ ಮೊಸರನ್ನದ ಹತ್ತಿರ ಕೂತ ಮುದುಕರಂತೆ. ಅಲ್ಲಿಗೆ ಎದ್ದು ಹೊರಡುವುದು ಹಿಂದೆ ಕಾದವರಿಗೂ ಒಳ್ಳೆಯದು.

60 ಕಿಲೋವ್ಯಾಟ್ ಎಂದರೆ ಎಷ್ಟು? ನಮ್ಮ ಕಡೆಯವರಿಗೆ ಅಶ್ವಶಕ್ತಿಯಲ್ಲಿ ಹೇಳಿದರೆ ತಿಳಿದೀತು: 80 ಎಚ್.ಪಿ. 10 ಎಚ್.ಪಿ.ಯ ಎಂಟು ಪಂಪ್‌ಸೆಟ್ಟು ಒಟ್ಟಿಗೆ ಎದ್ದಂತೆ. ಇಷ್ಟು ಭಾರಕ್ಕೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬೇಕು, ಕೇಬಲ್ ಬೇಕು, ಜಾಗ ಬೇಕು. ದಿನಕ್ಕೆ ಮೂರು ಕಾರು ಬಂದು ತಲಾ 15 ಯೂನಿಟ್ ತುಂಬಿಸಿಕೊಂಡವು ಎಂದು ಲೆಕ್ಕ ಹಿಡಿಯಿರಿ, 45 ಯೂನಿಟ್ ಆಯಿತು. ಇಡೀ ದಿನ ದುಡಿದರೆ ಆ ಯಂತ್ರ ಕೊಡಬಲ್ಲದ್ದು 1,440. ನೂರಕ್ಕೆ ಮೂರು ಪಾಲು ದುಡಿದು ಉಳಿದ ಹೊತ್ತು ಮಲಗಿರುವ ಆಳನ್ನು ಯಾವ ಸಾಹುಕಾರ ಸಾಕುತ್ತಾನೆ? ಸಣ್ಣ ಊರಿನ ಚಾರ್ಜರ್ ಮಳೆಗೆ ಕೆಟ್ಟರೆ ವಾರಗಟ್ಟಲೆ ಕೆಟ್ಟೇ ಇರುವುದರ ಗುಟ್ಟು ಇದೇ ಎಂದು ನನ್ನ ಅನುಮಾನ.

ಭದ್ರಾ ನಾಲೆಯ ಅಚ್ಚುಕಟ್ಟಿನವರಿಗೆ ಈ ಕಥೆ ಬೇರೆ ಹೆಸರಲ್ಲಿ ಗೊತ್ತು. ಲಕ್ಕವಳ್ಳಿಯ ಡ್ಯಾಂ ತುಂಬಿದರೂ ದಾವಣಗೆರೆ, ಹರಿಹರ ತಾಲ್ಲೂಕಿನ ಕೊನೆ ಭಾಗಕ್ಕೆ ನೀರು ಮುಟ್ಟುವುದು ಕಷ್ಟ. ಮೇಲಿನವರು ಕುಡಿದು ಉಳಿದದ್ದು ಇಲ್ಲಿಗೆ. ಪ್ರತಿ ವರ್ಷ ಪ್ರತಿಭಟನೆ, ಪ್ರತಿ ವರ್ಷ ಭರವಸೆ. ಚಾರ್ಜರ್ ನಾಲೆಯಲ್ಲೂ ನಾವು ಕೊನೆ ಭಾಗದವರೇ. ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಅದಕ್ಕೂ ಮೊದಲು, 2001ರಲ್ಲಿ, ಬೆಂಗಳೂರಿನ ರೇವಾ ಕಾರು ಮನೆಯ ಪ್ಲಗ್ಗಿನಿಂದಲೇ ಚಾರ್ಜ್ ಆಗಿ ಬೀದಿಗಿಳಿದಿತ್ತು. 2024ರ ಫೆಬ್ರುವರಿಯ ಕೇಂದ್ರದ ಲೆಕ್ಕದಲ್ಲಿ ಕರ್ನಾಟಕದಲ್ಲಿ 5,059 ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು, ಎಲ್ಲ ರಾಜ್ಯಗಳಿಗಿಂತ ಮುಂದೆ. ಎರಡನೆಯ ಸ್ಥಾನದ ಮಹಾರಾಷ್ಟ್ರದಲ್ಲಿ 3,079. ಆದರೆ ನಮ್ಮ ಐದು ಸಾವಿರದಲ್ಲಿ ಬಹುಪಾಲು ಬೆಂಗಳೂರಿನದೇ. ಡ್ಯಾಂ ತುಂಬಿದೆ ಎಂಬ ಸುದ್ದಿ ಓದಿ ಕೊನೆ ಭಾಗದ ರೈತ ಸಂಭ್ರಮಪಟ್ಟಂತೆ, ಅಷ್ಟೇ.

ಕಾಗದದ ಮೇಲೆ ಬರ ಇಲ್ಲ. ಊರೊಳಗೆ 3 ಕಿ.ಮೀ. ಉದ್ದ, 3 ಕಿ.ಮೀ. ಅಗಲದ ಪ್ರತಿ ಚೌಕಕ್ಕೆ ಒಂದು ಚಾರ್ಜಿಂಗ್ ಕೇಂದ್ರ, ಹೆದ್ದಾರಿಯ ಎರಡೂ ಬದಿ 25 ಕಿ.ಮೀ.ಗೊಂದು ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2019ರಲ್ಲಿ ಹೇಳಿತು. ಆಮೇಲೆ 2024ರಲ್ಲಿ ಚೌಕವನ್ನು ಒಂದು ಕಿ.ಮೀ.ಗೆ, ಹೆದ್ದಾರಿಯ ಅಂತರವನ್ನು 20ಕ್ಕೆ ಇಳಿಸಿತು. ಚಾರ್ಜಿಂಗ್ ಕೇಂದ್ರ ತೆರೆಯಲು ಲೈಸೆನ್ಸ್ ಬೇಡ ಎಂಬ ಮಾತನ್ನು 2018ರಲ್ಲೇ ಸ್ಪಷ್ಟಪಡಿಸಿದೆ. ಕರೆಂಟು ಮಾರುವುದಕ್ಕೆ ಪರವಾನಗಿ ಬೇಕು, ಚಾರ್ಜ್ ಮಾಡಿಕೊಡುವುದು ಮಾರಾಟವಲ್ಲ, ಸೇವೆ ಎಂಬ ತರ್ಕ. ಅರ್ಥಾತ್ ದಾವಣಗೆರೆಯ ಪಿ.ಬಿ. ರಸ್ತೆಯ ಬೆಣ್ಣೆದೋಸೆ ಹೋಟೆಲಿನವರೂ ಹಿಟ್ಟಿನ ಗಿರಣಿಯವರೂ ನಾಳೆ ಬೆಳಿಗ್ಗೆ ಚಾರ್ಜರ್ ಹಾಕಬಹುದು.

ಸೇವೆ ಎಂದು ಕರೆಸಿಕೊಂಡದ್ದರಿಂದ ಬಂದ ಇನ್ನೊಂದು ಕಾಟ ಜಿ.ಎಸ್.ಟಿ. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಕಂಪನಿ ಈ ಬಗ್ಗೆ ಕೇಳಿದ ಪ್ರಶ್ನೆಗೆ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಕೊಟ್ಟ ಉತ್ತರ: ಚಾರ್ಜಿಂಗ್ ಸೇವೆಯೇ, ಶೇ 18 ಕಟ್ಟಬೇಕು. ಮನೆಯ ಮೀಟರಿನ ಕರೆಂಟಿಗೆ ಜಿ.ಎಸ್.ಟಿ. ಇಲ್ಲ. ವಿದ್ಯುತ್ ನಿಯಂತ್ರಣ ಆಯೋಗ ಅದೇ ವರ್ಷ ಚಾರ್ಜಿಂಗ್ ಕೇಂದ್ರಗಳ ದರವನ್ನು ಯೂನಿಟ್ಟಿಗೆ 5 ರೂಪಾಯಿಯಿಂದ 4.50ಕ್ಕೆ ಇಳಿಸಿತ್ತು. ಯಂತ್ರದ ಬಡ್ಡಿ, ಬಾಡಿಗೆ, ಆಪ್, ತೆರಿಗೆ ಎಲ್ಲ ಸೇರಿ ಅದೇ ಯೂನಿಟ್ಟು ಖಾಸಗಿ ಡಿ.ಸಿ. ಗನ್ನಿನ ತುದಿಯಲ್ಲಿ 20 ರೂಪಾಯಿಯ ಆಸುಪಾಸಿಗೆ ಬರುತ್ತದೆ. ದಾರಿಹೋಕನಿಗೆ ಪರವಾಗಿಲ್ಲ, ವರ್ಷಕ್ಕೆ ನಾಲ್ಕು ಸಲ. ದಿನಾ ದುಡಿಯುವ ಗಾಡಿಗೆ?

ನನ್ನ ತಕರಾರು ಇರುವುದು ಇಲ್ಲೇ. ದಾವಣಗೆರೆಯ ಚಾರ್ಜಿಂಗ್ ಎಂದ ಕೂಡಲೇ ಎಲ್ಲರೂ ಬೈಪಾಸಿನ ಕಡೆ ನೋಡುತ್ತಾರೆ. ಪೆಟ್ರೋಲ್ ಬಂಕು, ಹೋಟೆಲು, ಕಾರಿನ ಷೋರೂಮು. ಷೋರೂಮಿನ ಚಾರ್ಜರ್‌ಗೆ ಸಂಜೆ ಷಟರ್ ಬೀಳುತ್ತದೆ, ಭಾನುವಾರ ರಜೆ. ವಿದ್ಯುತ್ ವಾಹನಗಳಿಗೆಂದು ಕೇಂದ್ರ ತಂದ ಫೇಮ್-2 ಯೋಜನೆಯಲ್ಲಿ 2023ರಲ್ಲಿ ದೇಶದ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 7,432 ವೇಗದ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರಾದದ್ದೂ ಬಂಕುಗಳಿಗೆ. ಅದೆಲ್ಲ ನನ್ನಂಥ, ಬಂದು ದೋಸೆ ತಿಂದು ಹೋಗುವವರ ಅನುಕೂಲ. ಊರಲ್ಲೇ ಇರುವವರಿಗೆ ಬೇಕಾದದ್ದು 60 ಕಿಲೋವ್ಯಾಟ್ ಅಲ್ಲ. 3 ಕಿಲೋವ್ಯಾಟ್, ಮನೆ ಹತ್ತಿರ, ರಾತ್ರಿಯಿಡೀ.

ಸಂಜೆ ಏಳರ ಮೇಲೆ ವಿದ್ಯಾನಗರದಲ್ಲೋ ನಿಟುವಳ್ಳಿಯಲ್ಲೋ ಒಂದು ಸುತ್ತು ಹಾಕಿ. ಎರಡನೆಯ ಮಹಡಿಯ ಕಿಟಕಿಯಿಂದ ಹಳದಿ ಎಕ್ಸ್‌ಟೆನ್ಷನ್ ವೈರು ಬಟ್ಟೆ ಒಣಗಿಸುವ ಹಗ್ಗಕ್ಕೆ ಸುತ್ತಿಕೊಂಡು, ಕೆಳಗಿನ ಮನೆಯ ಸಜ್ಜಾ ಬಳಸಿ, ಗೇಟಿನ ಸಂದಿಯಲ್ಲಿ ನುಸುಳಿ ಬೀದಿಯಲ್ಲಿ ನಿಂತ ಸ್ಕೂಟರಿಗೆ ಇಳಿದಿರುತ್ತದೆ. ಜೋಡಣೆಯ ಜಾಗದಲ್ಲಿ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ, ಮಳೆ ಬಂದರೆ ಎಂದು. ಇವರು ಬಾಡಿಗೆಯವರು. ಮಾಲೀಕರ ಹತ್ತಿರ ಕೆಳಗೊಂದು ಪ್ಲಗ್ಗು ಕೇಳಲು ಸಂಕೋಚ, ಕೇಳಿದರೆ ‘ಬ್ಯಾಟರಿ ಸಿಡಿಯುತ್ತಂತಲ್ಲ’ ಎಂಬ ಉತ್ತರ. ಸ್ಕೂಟರ್ ನೂರು ಕಿ.ಮೀ.ಗೆ ಕುಡಿಯುವುದು ಮೂರು ಯೂನಿಟ್ಟು ಚಿಲ್ಲರೆ. ಪೆಟ್ರೋಲ್ ಲೀಟರಿಗೆ ನೂರು ದಾಟಿರುವಾಗ ಆ ವೈರು ಯಾಕೆ ಇಳಿದಿದೆ ಎಂದು ಕೇಳಬೇಕಿಲ್ಲ. ಆ ಪ್ಲಗ್ಗನ್ನು ಮಹಡಿಯಿಂದ ಬೀದಿಯ ಮಟ್ಟಕ್ಕೆ ಇಳಿಸಿ, ಅರ್ಥಿಂಗ್ ಕೊಟ್ಟು, ಮೇಲೊಂದು ತಗಡು ಹೊದಿಸಿದರೆ ಅದೇ ಸಾರ್ವಜನಿಕ ಚಾರ್ಜಿಂಗ್ ಕೇಂದ್ರ. ಅದಕ್ಕೆ ಟಿ.ಸಿ.ಯೂ ಬೇಡ, ಮಂತ್ರಿಗಳ ರಿಬ್ಬನ್ನೂ ಬೇಡ.

ಆಟೋದವರ ಪಾಡು ಇನ್ನೊಂದು. ಹೈಸ್ಕೂಲ್ ಮೈದಾನದ ಹತ್ತಿರ ಸಿಕ್ಕ ಒಬ್ಬ ಕರೆಂಟಿನ ಆಟೋದ ಚಾಲಕರು ಮಧ್ಯಾಹ್ನ ಊಟಕ್ಕೆ ದಿನಾ ಮನೆಗೇ ಹೋಗುತ್ತಾರೆ. ಹೆಂಡತಿಯ ಅಡುಗೆಗಲ್ಲ. ‘ಗಾಡಿ ಉಣ್ಣಬೇಕಲ್ರಿ ಸರ, ನಾ ಎಲ್ಲಿ ಬೇಕಾದ್ರೂ ಉಣ್ತೀನಿ’ ಅಂದರು. ಊಟಕ್ಕೆಂದು ಹೋದವರು ಎರಡು ತಾಸು ಕಾಯುತ್ತಾರೆ, ಶಾಲೆ ಬಿಡುವ ಹೊತ್ತಿನ ಬಾಡಿಗೆ ಕೆಲವೊಮ್ಮೆ ತಪ್ಪುತ್ತದೆ. ಆಟೋ ನಿಲ್ದಾಣದಲ್ಲೇ ನಾಲ್ಕು ಸಾಕೆಟ್ಟು ಇದ್ದಿದ್ದರೆ ಎಂದು ಕೇಳಿದೆ. ನಕ್ಕರು. ‘ನಿಲ್ದಾಣಕ್ಕೆ ಮೊದ್ಲು ನೆಳ್ಳು ಬರ್ಲಿ.’

ದಾವಣಗೆರೆಯಲ್ಲಿ ಇದು ಬರೀ ಅನುಕೂಲದ ಮಾತೂ ಅಲ್ಲ. ಗಾಳಿಯ ಮಾಲಿನ್ಯ ಮಿತಿಯೊಳಗಿಲ್ಲವೆಂದು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಹೆಸರಾದ ರಾಜ್ಯದ ನಾಲ್ಕೇ ಊರುಗಳಲ್ಲಿ ಇದೊಂದು. ಉಳಿದವು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ರಸ್ತೆಯ ದೂಳು, ಟೈರು ಸುಡುವ ಮಂಡಕ್ಕಿ ಭಟ್ಟಿಯ ಹೊಗೆ, ಗಾಡಿಗಳ ಹೊಗೆ ಎಲ್ಲ ಸೇರಿದ್ದು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ಹೆಸರು ಬಂದಾಗ ಹಿಗ್ಗಿದ ಊರು ಈ ಇನ್ನೊಂದು ಪಟ್ಟಿಯನ್ನು ಅಷ್ಟಾಗಿ ನೆನೆಯುವುದಿಲ್ಲ. ಗಲ್ಲಿ ಗಲ್ಲಿಯಲ್ಲಿ ದಿನವಿಡೀ ತಿರುಗುವ ಒಂದು ಆಟೋ ಕರೆಂಟಿಗೆ ಬಂದರೆ ಆಗುವ ಲಾಭ, ವಾರಕ್ಕೊಮ್ಮೆ ಹೊರಬೀಳುವ ಹತ್ತು ಕಾರು ಬಂದರೂ ಆಗದು.

ಬೆಂಗಳೂರಿನಿಂದ ಇಲ್ಲಿಗೆ ಕೆ.ಎಸ್.ಆರ್.ಟಿ.ಸಿ.ಯ ‘ಇವಿ ಪವರ್ ಪ್ಲಸ್’ ಬಸ್ಸು ಬರುತ್ತದೆ. 2023ರ ಜನವರಿಯಲ್ಲಿ ಮೈಸೂರಿಗೆ ಮೊದಲು ಓಡಿ, ಆಮೇಲೆ ದಾವಣಗೆರೆಗೂ ಬಂತು. ಡಿಪೋದಲ್ಲಿ ಅದಕ್ಕೆಂದೇ ಚಾರ್ಜರ್ ಇದೆ, ನನಗೂ ನಿಮಗೂ ಅಲ್ಲ. ಆದರೂ ಆ ಬಸ್ಸು ಗಮನಿಸಬೇಕಾದದ್ದೇ. ಬಂದು ನಿಲ್ಲುವ ವೇಳೆ ಗೊತ್ತು, ಹೊರಡುವ ವೇಳೆ ಗೊತ್ತು, ಕೆಟ್ಟರೆ ಮೆಕ್ಯಾನಿಕ್ ಅಲ್ಲೇ ಇದ್ದಾನೆ. ಚಾರ್ಜರ್ ಬಾಳುವುದು ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ.

ಆ ಮನುಷ್ಯ ಈ ಸೀಮೆಗೆ ಹೊಸಬನಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡಿ ದೇಶಕ್ಕೆ ಕಳಿಸುತ್ತಿತ್ತು. ಕಾರ್ಖಾನೆಯ ಸೈರನ್ನಿಗೆ ಊರು ಗಡಿಯಾರ ಹೊಂದಿಸಿಕೊಳ್ಳುತ್ತಿತ್ತು ಎಂದು ಅತ್ತೆ ಈಗಲೂ ಹೇಳುತ್ತಾರೆ. ಅದು ಮುಚ್ಚಿದ ಮೇಲೆ ಸಾವಿರದಲ್ಲೊಂದು ಪಾಲಿನ ಲೆಕ್ಕ ಹಿಡಿಯುವ ಕೈಗಳು ಊರಲ್ಲೇ ಉಳಿದವು, ಕೆಲವು ವೆಲ್ಡಿಂಗ್ ಅಂಗಡಿ ಸೇರಿದವು, ಕೆಲವು ಕಿರಾಣಿ. ದಾವಣಗೆರೆಯಲ್ಲಿ 1951ರ ಯು.ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಇದೆ, ಬಾಪೂಜಿ ವಿದ್ಯಾಸಂಸ್ಥೆಯ ಬಿ.ಐ.ಇ.ಟಿ. ಇದೆ. ಇಷ್ಟೆಲ್ಲ ಇಟ್ಟುಕೊಂಡು, ಮಳೆಗೆ ಮಲಗಿದ ಒಂದು ಡಬ್ಬಿಯನ್ನು ಎಬ್ಬಿಸಲು ಬೆಂಗಳೂರಿನಿಂದಲೋ ಪುಣೆಯಿಂದಲೋ ಆಳು ಬರಬೇಕೆಂದು ಕಾಯುತ್ತೇವೆ.

ಹರಿಹರದ ಸೇತುವೆ ದಾಟಿದರೆ ಕುಮಾರಪಟ್ಟಣ. 1956ಕ್ಕೆ ಮುಂಚೆ ಈಚೆ ದಡ ಮೈಸೂರು, ಆಚೆ ದಡ ಮುಂಬೈ ರಾಜ್ಯ. ಆ ಗಡಿ ಹೋಯಿತು ಎಂದುಕೊಂಡಿದ್ದೆ, ಹೋಗಿಲ್ಲ, ಕರೆಂಟಿನಲ್ಲಿ ಉಳಿದಿದೆ. ಈಚೆಗೆ ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂ, ಆಚೆಗೆ ಹುಬ್ಬಳ್ಳಿಯ ಹೆಸ್ಕಾಂ. ಬೆಸ್ಕಾಂ ಇಡೀ ರಾಜ್ಯದ ಚಾರ್ಜಿಂಗಿಗೆ ನೋಡಲ್ ಸಂಸ್ಥೆ, ಅದರ ‘ಇವಿ ಮಿತ್ರ’ ಆಪ್ ಇದೆ. ಆದರೆ ಕಂಬದ ಮೇಲಿನ ಲೈನ್‌ಮನ್ ಮಾತ್ರ ಹೊಳೆ ದಾಟುವುದಿಲ್ಲ.

ಅವತ್ತು ರಾತ್ರಿ ಕಾರು ಎಂಟು ತಾಸು ಕುಡಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಪೆನ್ಸಿಲಿನಲ್ಲಿ ಎರಡು ಸಂಖ್ಯೆ. ರಾತ್ರಿಯ ಮೀಟರ್ ರೀಡಿಂಗು, ಬೆಳಗಿನದು. ಕಳೆದರೆ 23. ಅತ್ತೆಯ ಮನೆಯ ಮೀಟರು ಗೃಹಜ್ಯೋತಿಯದು, ರಾಜ್ಯ ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ. ಹಳೆಯ ಬಳಕೆಯ ಸರಾಸರಿ, ಅದರ ಮೇಲೆ ತುಸು, ಅಷ್ಟು ಮಾತ್ರ ಪುಕ್ಕಟೆ. ಒಂಟಿ ಹೆಂಗಸಿನ ಮನೆಯಲ್ಲಿ ಆ ಸರಾಸರಿ ಎಷ್ಟಿದ್ದೀತು? ದುಡ್ಡು ಕೊಡಹೋದೆ, ಕೈಗೆ ಹೊಡೆದರು.

ಇಪ್ಪತ್ತು ದಿನ ಬಿಟ್ಟು ಫೋನ್ ಬಂತು. ಆರೋಗ್ಯ, ಮಳೆ, ಪಕ್ಕದ ಮನೆಯ ಮದುವೆ ಎಲ್ಲ ಆದ ಮೇಲೆ ಅಂದರು: ‘ಬಿಲ್ ಬಂತಪ್ಪ, ಜಾಸ್ತಿ ಏನಿಲ್ಲ. ಮುಂದಿನ ಸಲ ದಾವಣಗೆರೆಯಾಗೆ ತುಂಬಿಸ್ಕೊಂಡು ಬಾ. ಪೈಪಿಗೆ ಮಾತ್ರ ದಿನಾ ಒಂದು ಚೆಂಬು ನೀರು ಹಾಕ್ತಾ ಇದೀನಿ, ತುಳಸಿಗೆ ಹಾಕಿದ ಮೇಲೆ.’